ಕೂತ ಪೈಲಟ್ ಬೇಕಾಗಿದ್ದಾನೆ

ಪುಣೆಯ ಧನಕವಡಿಯ ಮಾರ್ತಾಂಡರಾಯರ ಪೈಲಟ್ ಕಾಣೆಯಾದದ್ದು ಒಂದು ಸೀನಿನಿಂದ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಗಳ ಚಿಮಟಿಗೆಯಲ್ಲಿ ಪೈಲಟನ ಹೆಗಲು ಹಿಡಿದು ಅವನನ್ನು ವಿಮಾನದ ಸೀಟಿನಲ್ಲಿ ಇನ್ನೇನು ಕೂಡಿಸಬೇಕು, ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವರ ಹೆಂಡತಿ ನೀರಜಾಬಾಯಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರು. ರಾಯರು ಸೀನಿದರು. ಕಣ್ಣು ಬಿಟ್ಟಾಗ ಕೈಯಲ್ಲಿ ಚಿಮಟಿಗೆ ಇತ್ತು, ಪೈಲಟ್ ಇರಲಿಲ್ಲ.

ಪೈಲಟ್ ಎಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ದೊಡ್ಡ ಪ್ಲಾಸ್ಟಿಕ್ ಗೊಂಬೆ. ವಿಮಾನ ಎಂದರೆ ನ್ಯಾಟ್ ಎಂಬ ಹಳೆಯ ಯುದ್ಧವಿಮಾನದ ನಲವತ್ತೆಂಟನೇ ಒಂದು ಪಾಲಿನ ಮಾದರಿ; ಡಬ್ಬಿಯಲ್ಲಿ ಬಿಡಿ ತುಂಡುಗಳಾಗಿ ಬರುತ್ತದೆ, ಅಂಟು ಹಚ್ಚಿ ಜೋಡಿಸಿ ಬಣ್ಣ ಹೊಡೆಯಬೇಕು. ರಾಯರು ವಿಮಾ ಕಂಪನಿಯ ಅಧಿಕಾರಿ. ರಕ್ತದೊತ್ತಡ ಇಳಿಯಬೇಕಾದರೆ ಮನಸ್ಸಿಗೆ ಶಾಂತಿ ಕೊಡುವ ಹವ್ಯಾಸ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ಇದನ್ನು ಹಿಡಿದಿದ್ದರು. ಅಂದಿನಿಂದ ಅವರ ರಕ್ತದೊತ್ತಡ ಇಳಿದಿತ್ತು, ನೀರಜಾಬಾಯಿಯವರದು ಏರಿತ್ತು. ಆಕೆ ಗಂಡನ ವಿಮಾನ, ಹಡಗು, ಜೀಪು ಎಲ್ಲವನ್ನೂ ಒಟ್ಟಾಗಿ 'ಆ ಪ್ಲಾಸ್ಟಿಕ್' ಎಂದು ಕರೆಯುತ್ತಿದ್ದರು. ಇನ್ನೊಮ್ಮೆ ಅದಕ್ಕಾಗಿ ದಿವಾನದ ಕೆಳಗೆ ತೆವಳಿದ್ದು ಕಂಡರೆ ಡಬ್ಬಿ ಸಮೇತ ಕಸದ ಗಾಡಿಗೆ ಹಾಕುವುದಾಗಿ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಹೀಗಾಗಿ ರಾಯರು ಗುಳಿಗೆ ಬಿದ್ದಿದೆ ಎಂದು ಸುಳ್ಳು ಹೇಳಿ ತೆವಳಿದರು. ಸಿಕ್ಕಿದ್ದು ಎರಡು ಗುಂಡಿ ಮತ್ತು ಒಂದು ಬಾದಾಮಿ.

ಪೈಲಟ್ ಇಲ್ಲದೆ ವಿಮಾನದ ಸೀಟಿನ ಮೇಲಿನ ಮುಚ್ಚಳ ಮುಚ್ಚಿಬಿಟ್ಟಿದ್ದರೆ ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ. ಆದರೆ ಮಾದರಿ ಕಟ್ಟುವವರ ಸಂಘದ ಹಿಂದಿನ ಸಭೆಯಲ್ಲಿ ರಾಯರು ಎದ್ದು ನಿಂತು, ಬರುವ ರವಿವಾರದ ಪ್ರದರ್ಶನದಲ್ಲಿ ತಮ್ಮ ನ್ಯಾಟಿನ ಮುಚ್ಚಳ ತೆರೆದೇ ಇರುತ್ತದೆ, ಒಳಗಿನ ಪೈಲಟ್ ಬಂದವರಿಗೆಲ್ಲ ಕೈ ಬೀಸುತ್ತಾನೆ ಎಂದು ಸಾರಿದ್ದರು. ಯಾರೂ ಕೇಳದೇ ಇದ್ದ ಮಾತು ಅದು. ಈಗ ಕೈ ಬೀಸುವವನೇ ಇಲ್ಲ.

ಸೋಮವಾರ ಅವರು ಕಚೇರಿಗೆ ರಜೆ ಹಾಕಿ ಹುಡುಕಲು ಹೊರಟರು. ತುಳಶೀಬಾಗಿನ ಪೇಟೆಯಲ್ಲಿ, ದೀಪಾವಳಿಗೆ ಮಕ್ಕಳು ಕಟ್ಟುವ ಮಣ್ಣಿನ ಕೋಟೆಗೆ ಇಡುವ ಗೊಂಬೆಗಳನ್ನೆಲ್ಲ ತಿರುವಿ ಹಾಕಿದರು. ಸಿಪಾಯಿಗಳೆಲ್ಲ ನಿಂತವರು. ಕೂತವಳೊಬ್ಬಳೇ, ಅವಳು ಬದನೆಕಾಯಿ ಮಾರುವವಳು. ಬುಟ್ಟಿ ಕಿತ್ತು ಹೆಲ್ಮೆಟ್ ಬಳಿದರೆ ಹೇಗೆ ಎಂದು ರಾಯರು ಬಹಳ ಹೊತ್ತು ಯೋಚಿಸಿದರು. ಅಂಗಡಿಯವನಿಗೆ ಅನುಮಾನ ಬಂದು ಅವಳನ್ನು ಕೈಯಿಂದ ಕಸಿದು ಒಳಗಿಟ್ಟ. ಅಲ್ಲಿಂದ ಪುಣೆಯ ಕ್ಯಾಂಪ್ ಪೇಟೆಗೆ ಹೋದರು. ಅಲ್ಲಿನ ಗಲ್ಲಿಯೊಂದರಲ್ಲಿ ಸ್ವಪ್ನಿಲ್ ಎಂಬುವನ ಮಾದರಿ ಕಿಟ್ಟುಗಳ ಅಂಗಡಿ. ಒಡೆದ ಕಿಟ್ಟುಗಳ ಬಿಡಿಭಾಗ ತುಂಬಿದ ದೊಡ್ಡ ಡಬ್ಬವೊಂದು ಅವನಲ್ಲಿತ್ತು. ಅಂದು ಅಂಗಡಿಗೆ ಬೀಗ.

ರಾಯರು ಎದುರಿನ ಹೋಟೆಲಿಗೆ ಹೋಗಿ ಕೂತರು. ಅದು ಉಡುಪಿ ಕಡೆಯ ಮಹಾಲಿಂಗಯ್ಯನವರ ಹೋಟೆಲು. ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಅವರ ಹೆಂಡತಿ ಪ್ರೇಮಾವತಿ ಇದ್ದರು. ಈಕೆ ಪುಣೆಯ ಕನ್ನಡಿಗರಲ್ಲಿ ಯಾರ ಮನೆಯಲ್ಲಿ ಮದುವೆಯ ಹುಡುಗಿ ಇದ್ದಾಳೆ, ಯಾರ ಮಗನಿಗೆ ಇನ್ನೂ ಆಗಿಲ್ಲ ಎಂಬುದನ್ನು ಬಲ್ಲವರು. ಮದುವೆ ಕೂಡಿಸುವುದೆಂದರೆ ಅವರಿಗೆ ಇಡ್ಲಿ ವ್ಯಾಪಾರಕ್ಕಿಂತ ಪ್ರೀತಿ. ರಾಯರು ಕಾಫಿ ಹೇಳಿ ಸ್ವಪ್ನಿಲನಿಗೆ ಫೋನು ಮಾಡಿದರು. ಆ ಕಡೆಯವನು ಎಷ್ಟು ದೂರ ಇದ್ದಾನೋ ಅಷ್ಟು ಜೋರಾಗಿ ಮಾತಾಡಬೇಕೆಂಬುದು ಅವರ ನಂಬಿಕೆ, ಸ್ವಪ್ನಿಲ್ ಅಂದು ನಾಸಿಕದಲ್ಲಿದ್ದ. ಹೀಗಾಗಿ ಅವರ ಮರಾಠಿ ಹೋಟೆಲಿನ ಕೊನೆಯ ಮೇಜಿನವರೆಗೂ ಕೇಳಿಸಿತು.

ಅರ್ಜೆಂಟಾಗಿ ಒಬ್ಬ ಪೈಲಟ್ ಬೇಕು. ನಿಂತವನು ಬೇಡ, ಕೂತವನೇ ಆಗಬೇಕು. ಯಾವ ಕಂಪನಿಯವನಾದರೂ ಅಡ್ಡಿಯಿಲ್ಲ. ಹಳಬನಾದರೂ ನಡೆಯುತ್ತದೆ, ಕೈಕಾಲು ನೆಟ್ಟಗಿದ್ದರೆ ಸಾಕು. ಬಣ್ಣದ ಚಿಂತೆ ಬೇಡವೇ ಬೇಡ, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಆದರೆ ರವಿವಾರದೊಳಗೆ ಕೂಡಿಸಲೇಬೇಕು, ಇಲ್ಲವಾದರೆ ನಾಲ್ಕು ಮಂದಿಯ ಎದುರು ಮಾನ ಹೋಗುತ್ತದೆ. ರವಿವಾರದ ಮೊದಲು ಬರಲಾಗದು ಎಂದು ಸ್ವಪ್ನಿಲ್ ಹೇಳಿದ. ರಾಯರು ಫೋನು ಇಟ್ಟು, ಹಣೆ ಒರೆಸಿಕೊಂಡು ಕಾಫಿ ಕುಡಿದು ಹೋದರು. ರಾಯರು ಬಾಗಿಲು ದಾಟುವುದನ್ನೇ ಪ್ರೇಮಾವತಿ ಕಾಯುತ್ತಿದ್ದರು. ಮಾರ್ತಾಂಡರಾಯರ ಮಗಳು ಕೇತಕಿ ದನಗಳ ಡಾಕ್ಟರು, ಮದುವೆಯ ಮಾತೆತ್ತಿದರೆ ಎದ್ದು ಹೋಗುವವಳು ಎಂಬುದು ಅವರಿಗೆ ಗೊತ್ತಿತ್ತು. ಪಾಪದ ತಂದೆ ಹೋಟೆಲಿನಲ್ಲಿ ಕೂತು ಮರ್ಯಾದೆಗಾಗಿ ಅಂಗಲಾಚುವ ಸ್ಥಿತಿ ಬಂದಿದೆ ಎಂದರೆ ತಾವು ಸುಮ್ಮನಿರುವುದು ಹೇಗೆ? ಗಲ್ಲೆಯನ್ನು ಗಂಡನಿಗೆ ಒಪ್ಪಿಸಿ ಅವರು ಫೋನು ಹಿಡಿದರು.

ಮಂಗಳವಾರ ಸಂಜೆ ರಾಯರು ಮನೆಗೆ ಬಂದಾಗ ನೀರಜಾಬಾಯಿ ಬಾಗಿಲಲ್ಲೇ ನಿಂತಿದ್ದರು.

"ನನಗೊಂದು ಮಾತು ಹೇಳದ ಪೈಲಟ್ ಹುಡುಕಲಿಕ್ಕೆ ಹತ್ತೀರಂತಲ್ಲ," ಎಂದರು.

ರಾಯರಿಗೆ ಕಸದ ಗಾಡಿ ಕಣ್ಣ ಮುಂದೆ ಬಂತು. ಆದರೆ ಹೆಂಡತಿಯ ಮುಖದಲ್ಲಿ ಸಿಟ್ಟಿರಲಿಲ್ಲ, ನಗು ಇತ್ತು.

"ಪ್ರೇಮಾವತಿಯವರು ಫೋನ್ ಮಾಡಿದ್ರು. ಒಬ್ಬಾಂವ ಇದ್ದಾನಂತ."

"ಕೂತಾಂವ ಹೌದಿಲ್ಲೋ?" ರಾಯರು ಆಸೆಯಿಂದ ಕೇಳಿದರು.

"ವಿಮಾನ ನಡಸಾಂವ ಕೂತ ನಡಸ್ತಾನ, ನಿಂತ ನಡಸ್ತಾನೇನು?"

"ಎಷ್ಟದಾನ?"

"ಇಪ್ಪತ್ತೊಂಬತ್ತು."

ರಾಯರು ಮನಸ್ಸಿನಲ್ಲೇ ಮಿಲಿಮೀಟರು ಅಳೆದರು. "ಒಂಚೂರು ಹೆಚ್ಚಾತು. ಇರಲಿ, ಬುಡ ತಿಕ್ಕಿದ್ರ ಸರಿಹೋಗ್ತದ."

"ನಿಮ್ಮ ಚ್ಯಾಷ್ಟಿ ಸಾಕು. ಶನಿವಾರ ಕರಕೊಂಡು ಬರ್ತಾರ."

"ಕರಕೊಂಡು ಬರೂದ್ಯಾಕ? ಒಂದು ಬೆಂಕಿಪೆಟ್ಟಿಗ್ಯಾಗ ಹಾಕಿ ಕಳಿಸಿದ್ರ ಆಗ್ತಿತ್ತು."

ನೀರಜಾಬಾಯಿ ಸೆರಗು ಬಾಯಿಗೊತ್ತಿ ನಕ್ಕರು. ಮಗಳ ಮದುವೆಯ ವಿಷಯ ತೆಗೆದಾಗಲೆಲ್ಲ ಪೇಪರಿನ ಹಿಂದೆ ಅಡಗುತ್ತಿದ್ದ ಗಂಡ ಈಗ ಇಷ್ಟು ಹುರುಪಿನಲ್ಲಿ ಹಾಸ್ಯ ಮಾಡುವುದು ಕಂಡು ಅವರ ಹೊಟ್ಟೆ ತುಂಬಿತು. ಆ ರಾತ್ರಿ ಊಟಕ್ಕೆ ಹೂರಣದ ಹೋಳಿಗೆ ಇತ್ತು. ಮೇಲೆ ತುಪ್ಪ. ಅಂತೂ ಇಂತೂ ಹೆಂಡತಿಗೆ ತಮ್ಮ ಕಲೆಯ ಬೆಲೆ ತಿಳಿಯಿತೆಂದು ರಾಯರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮರುದಿನ ಸುದ್ದಿ ಫ್ಲ್ಯಾಟುಗಳ ಇಡೀ ಸೊಸೈಟಿಗೆ ಹಬ್ಬಿತ್ತು. ವಾಚಮನ್ ಎದ್ದು ನಿಂತು ಸಲಾಮು ಹೊಡೆದ. ಕೆಳಗಿನ ಮನೆಯ ಶ್ರೀಕಂಠಯ್ಯನವರು ಲಿಫ್ಟಿನಲ್ಲಿ ರಾಯರ ಕೈ ಕುಲುಕಿದರು. ಇವರು ಮೈಸೂರಿನವರು, ಮಗಳ ಸಂಸಾರದ ಜೊತೆ ಪುಣೆಗೆ ಬಂದು ನೆಲೆಸಿದವರು; ಶುಭ ಸಮಾಚಾರದಲ್ಲೂ ಒಂದು ಅಪಾಯ ಹುಡುಕಿ ಕೊಡುವುದು ಅವರ ಸ್ವಭಾವ.

"ಪೈಲಟ್ ಸಿಕ್ಕಿದನಂತೆ, ಬಹಳ ಸಂತೋಷ ಸಾರ್. ಆದ್ರೆ ಆ ಜನ ಒಂದು ಕಡೆ ನಿಲ್ಲೋದಿಲ್ಲ. ಇವತ್ತು ಇಲ್ಲಿ, ನಾಳೆ ದುಬೈ."

"ನಮ್ಮಾಂವ ಎಲ್ಲಿ ಹೋಗ್ತಾನ್ರಿ," ಎಂದರು ರಾಯರು ಆತ್ಮವಿಶ್ವಾಸದಿಂದ. "ಒಮ್ಮೆ ಕೂಡಿಸಿದೆ ಅಂದ್ರ ಮುಗೀತು. ಜನ್ಮದಾಗ ಏಳಬಾರದು, ಹಂಗ ಅಂಟಿಸಿಬಿಡ್ತೀನಿ. ಆಮ್ಯಾಲ ನಮ್ಮನಿ ಕಪಾಟಿನಾಗ ಇರ್ತಾನ."

ಶ್ರೀಕಂಠಯ್ಯನವರು ತಮ್ಮ ಮಹಡಿ ಬಂದರೂ ಇಳಿಯುವುದನ್ನು ಮರೆತರು. ಸಂಜೆಯೊಳಗೆ, ಮಾರ್ತಾಂಡರಾಯರು ಮನೆ ಅಳಿಯನನ್ನು ಹುಡುಕುತ್ತಿದ್ದಾರೆ, ಅವನನ್ನು ಹೊರಗೇ ಬಿಡುವುದಿಲ್ಲವಂತೆ ಎಂಬ ವರ್ತಮಾನ ಧನಕವಡಿಯಿಂದ ಹೊರಟು ಕ್ಯಾಂಪಿನ ಹೋಟೆಲನ್ನು ಮುಟ್ಟಿ, ಅಲ್ಲಿಂದ ನಿಗಡಿ ಬಡಾವಣೆಯ ಗಂಡಿನ ಮನೆಯನ್ನೂ ತಲುಪಿತು.

ಗುರುವಾರ ಕೇತಕಿ ತಂದೆಯ ಎದುರು ಬಂದು ನಿಂತಳು. ಕೈಯಲ್ಲಿ ಇನ್ನೂ ಎಮ್ಮೆಯ ಔಷಧದ ವಾಸನೆ ಇತ್ತು.

"ಅಪ್ಪಾ, ನನ್ನ ಒಂದು ಮಾತು ಕೇಳಬೇಕು ಅನಸಲಿಲ್ಲ ನಿನಗ?"

ಮಗಳಿಗೂ ಇದರಲ್ಲಿ ಇಷ್ಟು ಆಸಕ್ತಿ ಇದೆಯೆಂದು ರಾಯರು ಎಣಿಸಿರಲಿಲ್ಲ. "ತಪ್ಪಾತವ್ವಾ. ನಿನಗ ಯಾವ ಬಣ್ಣ ಬೇಕು ಹೇಳು, ಹಂಗ ಮಾಡೂಣು. ಮೀಸಿ ಬ್ಯಾಡಂದ್ರ ಬ್ಲೇಡಿಲೆ ಕೆತ್ತಿ ತಗೀತೀನಿ."

ಕೇತಕಿ ತಂದೆಯ ಮುಖವನ್ನು ಹಲ್ಲು ನೋಡುವ ಮುನ್ನ ಕರುವಿನ ಮುಖ ನೋಡುವಂತೆ ನೋಡಿದಳು. ಬಳಿಕ ಕುರ್ಚಿ ಎಳೆದು ಕೂತು, ಶನಿವಾರ ಬರುತ್ತಿರುವವನು ಯಾರು, ಯಾಕೆ ಬರುತ್ತಿದ್ದಾನೆ, ಅಮ್ಮ ಯಾವ ಸೀರೆಗೆ ಇಸ್ತ್ರಿ ಹಾಕಿಸಿದ್ದಾಳೆ ಎಂಬುದನ್ನು ಬಿಡಿಸಿ ಹೇಳಿದಳು. ರಾಯರೂ ತಮ್ಮ ಸೀನು, ಗುಳಿಗೆಯ ಸುಳ್ಳು, ಫೋನು ಎಲ್ಲವನ್ನೂ ಒಪ್ಪಿಸಿದರು. ಕೇತಕಿಗೆ ನಗು ಬಂತು, ಆದರೆ ಅವಳು ನಗಲಿಲ್ಲ. ತನ್ನನ್ನು ಕೇಳದೆ ಯಾರ ಎದುರಿಗೂ ಕೂಡಿಸುವುದಿಲ್ಲ ಎಂದು ಅಪ್ಪ ಮೊದಲು ಮಾತು ಕೊಟ್ಟಿದ್ದರು. ಆ ಮಾತನ್ನು ಅವಳು ಇಂದಿಗೂ ನಂಬಿದ್ದಳು. ಅಮ್ಮನಿಗೆ ತಾನು ಹೇಳಿದರೆ ನೆಪ ಎನ್ನುತ್ತಾಳೆ, ನೀನೇ ಹೇಳಬೇಕು ಎಂದಳು. ರಾಯರು ಈಗಿಂದೀಗಲೇ ಹೇಳುವುದಾಗಿ ಎದ್ದರು.

ಅಡುಗೆಮನೆಯಲ್ಲಿ ನೀರಜಾಬಾಯಿ ರವೆ ಹುರಿಯುತ್ತ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: ಇಷ್ಟು ವರ್ಷ ಮನೆಯ ಒಂದು ಜವಾಬ್ದಾರಿಯನ್ನೂ ತಾವಾಗಿ ಹೊತ್ತವರಲ್ಲ, ಈಗ ನೋಡು, ಬಿಸಿಲಲ್ಲಿ ಕ್ಯಾಂಪಿಗೆ ಹೋಗಿ ಮಗಳಿಗಾಗಿ ಅಲೆದಿದ್ದಾರೆ, ಕಣ್ಣಲ್ಲಿ ನೀರು ಬರುತ್ತದೆ. ಹಾಗೆಂದು ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ನಿಂತ ಗಂಡನನ್ನು ಏನು ಬೇಕೆಂದು ಕೇಳಿದರು. ರಾಯರು ಒಂದು ಲೋಟ ನೀರು ಬೇಕೆಂದರು. ಶುಕ್ರವಾರವೂ ಅವರು ಆಗಾಗ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಮಗಳು ಮಾತು ಬಿಟ್ಟಳು.

ಶನಿವಾರ ಸಂಜೆ ಪ್ರೇಮಾವತಿಯವರ ಮುಂದಾಳ್ತನದಲ್ಲಿ ಗಂಡಿನವರು ಬಂದರು. ಹುಡುಗ ಕೇದಾರ, ಬೆಳಗಾವಿ ಕಡೆಯವನು, ನಿಗಡಿಯಲ್ಲಿ ಮನೆ. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬಂದ. ಜೊತೆಗೆ ತಾಯಿ; ಒಬ್ಬನೇ ಮಗನನ್ನು ಯಾರೋ ಕಟ್ಟಿಹಾಕುತ್ತಾರೆಂಬ ಭಯದಿಂದ ಅವನ ಪಕ್ಕಕ್ಕೆ ಒತ್ತಿಕೊಂಡೇ ಕೂತರು. ಶ್ರೀಕಂಠಯ್ಯನವರು ಕರೆಯದಿದ್ದರೂ ಹಿರಿಯರ ಸ್ಥಾನದಲ್ಲಿ ಇದ್ದರು. ಕೇತಕಿ ನಮಸ್ಕಾರ ಮಾಡಿ ತಂದೆಯ ಎದುರಿನ ಕುರ್ಚಿಯಲ್ಲಿ ಕೂತು ಅವರನ್ನೇ ದಿಟ್ಟಿಸತೊಡಗಿದಳು. ರಾಯರು ನೆಲ ನೋಡುತ್ತಿದ್ದರು.

ನೀರಜಾಬಾಯಿ ಮಾತು ತೆಗೆದರು. ಮೇಲೆ ಹೋದಾಗ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದರು.

"ಹತ್ತುವಾಗ ಏನಿಲ್ರಿ," ಎಂದ ಕೇದಾರ. "ಇಳಿಯುವಾಗ ಬ್ರೇಕ್ ಮ್ಯಾಲ ಲಕ್ಷ ಇಡಬೇಕು. ಮಳಿಗಾಲದಾಗ ಮಂಜು ಮುಸುಕಿದ್ರ ಮುಂದಿಂದು ಏನೂ ಕಾಣಸೂದಿಲ್ಲ. ಸೀಟಿ ಹೊಡಕೋತ ಹೋಗ್ತೀವಿ."

ವಿಮಾನಕ್ಕೆ ಸೀಟಿ ಇರುತ್ತದೆಯೇ ಎಂದು ನೀರಜಾಬಾಯಿ ಶ್ರೀಕಂಠಯ್ಯನವರ ಮುಖ ನೋಡಿದರು. ಈಚಿನ ವಿಮಾನಗಳಿಗೆ ಎಲ್ಲವೂ ಇರುತ್ತದೆ ಎಂದು ಅವರು ತಲೆಯಾಡಿಸಿದರು.

"ಮಂದಿ ಎಷ್ಟು ಹಿಡೀತಾರ್ರಿ ನಿಮ್ಮದರಾಗ?" ನೀರಜಾಬಾಯಿ ಮತ್ತೆ ಕೇಳಿದರು.

"ನಂದು ಗೂಡ್ಸ್ ಅದರಿ. ಮಂದಿ ಇರೂದಿಲ್ಲ. ಸಿಮೆಂಟು, ಕಲ್ಲಿದ್ದಲಿ, ಉಳ್ಳಾಗಡ್ಡಿ. ಅದರದೇನು ತ್ರಾಸಿಲ್ರಿ. ಖರೇ ತ್ರಾಸು ಅಂದ್ರ ಎಮ್ಮಿ."

"ಎಮ್ಮಿ?"

"ಹೌದ್ರಿ. ಉರಳಿ ಊರು ದಾಟಿದ ಮ್ಯಾಲ ಭಾಳ ಅಡ್ಡ ಬರ್ತಾವ."

ನೀರಜಾಬಾಯಿ ಆಕಾಶದಲ್ಲಿ ಎಮ್ಮೆಗಳನ್ನು ನಿಲ್ಲಿಸಿ ನೋಡಲು ಯತ್ನಿಸಿ ಸೋತರು. ನಿಧಾನವಾಗಿ ಪ್ರೇಮಾವತಿಯವರ ಕಡೆಗೆ ತಿರುಗಿದರು.

"ಎಂತ ನೋಡುವುದು ನೀರಜಕ್ಕ?" ಎಂದರು ಪ್ರೇಮಾವತಿ. "ರೈಲು ಬಿಡುವವರಿಗೆ ಈಗ ಲೋಕೋ ಪೈಲಟ್ ಅಂತಲೇ ಹೇಳುವುದು. ಸರ್ಕಾರಿ ಕೆಲಸ ಉಂಟು. ನಿಮ್ಮ ಯಜಮಾನ್ರು ಫೋನಿನಲ್ಲಿ ಯಾವ ಕಂಪನಿ ಆದರೂ ಅಡ್ಡಿಯಿಲ್ಲ, ಬಣ್ಣ ನೋಡುವುದಿಲ್ಲ ಅಂತ ಹೇಳಿದ್ದಲ್ಲವಾ? ವಿಮಾನ ಅಂತ ಒಂದು ಮಾತು ಹೇಳಿಲ್ಲ ಮಾರಾಯ್ರೆ."

ಇದನ್ನೇ ಕಾಯುತ್ತಿದ್ದವರಂತೆ ಕೇದಾರನ ತಾಯಿಯೂ ಬಾಯಿ ತೆರೆದರು. ರವಿವಾರದೊಳಗೆ ಕೂಡಿಸಲೇಬೇಕು ಎನ್ನುವ ಅವಸರ ಯಾಕೆ, ಮಾನ ಹೋಗುವಂಥದ್ದು ಏನು ನಡೆದಿದೆ, ಮಗನನ್ನು ಕೂಡಿಸಿ ಏಳದಂತೆ ಮಾಡಿ ಕಪಾಟಿನಲ್ಲಿ ಇಡುತ್ತೇನೆಂದು ಹೇಳಿದ್ದು ಹೌದೇ ಅಲ್ಲವೇ ಎಂದು ಕೇಳಿದರು. ಶ್ರೀಕಂಠಯ್ಯನವರು ಗೋಡೆಯ ಕ್ಯಾಲೆಂಡರು ಓದತೊಡಗಿದರು. ಉಳಿದವರೆಲ್ಲ ಮಾರ್ತಾಂಡರಾಯರನ್ನು ನೋಡಿದರು.

ರಾಯರು ತಲೆ ಎತ್ತಿದಾಗ ಕಂಡದ್ದು ಮಗಳ ಕಣ್ಣು. ಅವರು ಎದ್ದು ಒಳಗೆ ಹೋದರು. ಹಿಂಬಾಗಿಲಿನಿಂದ ಪರಾರಿಯಾದರೆಂದೇ ಹಲವರು ತಿಳಿದರು. ಮೂರನೇ ಮಹಡಿಯ ಮನೆಗೆ ಹಿಂಬಾಗಿಲು ಇರಲಿಲ್ಲ. ಅವರು ನ್ಯಾಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಉಪ್ಪಿಟ್ಟಿನ ತಾಟುಗಳ ನಡುವೆ ಇಟ್ಟರು.

"ನಾ ಹುಡುಕಿದ್ದು ಇದರ ಪೈಲಟ್," ಎಂದರು. "ನನ್ನ ಮಗಳಿಗಲ್ಲ. ಆಕಿನ್ನ ಕೇಳದ ನಾ ಯಾರನ್ನೂ ಹುಡುಕೂದಿಲ್ಲ, ಹಂಗಂತ ಮಾತು ಕೊಟ್ಟೀನಿ. ಮೂರು ದಿನದಿಂದ ಇದನ್ನ ಹೇಳಬೇಕಂತ ಹೋಗಿ ಬರೇ ನೀರು ಕುಡದು ಬಂದೀನಿ. ಎಲ್ಲಾರೂ ಕ್ಷಮಾ ಮಾಡ್ರಿ."

ಕೇದಾರನ ತಾಯಿ ಬಗ್ಗಿ, ಕನ್ನಡಕ ಹಾಕಿಕೊಂಡು, ಬೆರಳು ತೂರದಷ್ಟು ಚಿಕ್ಕದಾದ ಆ ಖಾಲಿ ಸೀಟನ್ನು ನೋಡಿದರು. ಇಲ್ಲಿ ತಮ್ಮ ಮಗನನ್ನು ಕೂಡಿಸುವುದು ಯಾರಿಂದಲೂ ಆಗದು ಎಂದು ಖಚಿತವಾದ ಮೇಲೆ ಅವರ ಮುಖ ತಿಳಿಯಾಯಿತು. ನೀರಜಾಬಾಯಿ ಮಾತ್ರ ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ಬೀಳುವ ಸದ್ದಿಗಾಗಿ ಎಲ್ಲರೂ ಕಿವಿ ನಿಮಿರಿಸಿದರು. ಸದ್ದು ಬರಲಿಲ್ಲ. ಅವರು ಬಿಸಿ ಶಿರಾದ ಪಾತ್ರೆ ಹಿಡಿದು ಹೊರಬಂದು, ಮನೆಗೆ ಬಂದವರು ತಿನ್ನದೆ ಹೋಗಬಾರದು ಎಂದು ಎಲ್ಲರ ತಾಟಿಗೂ ಬಡಿಸಿದರು. ಗಂಡನ ತಾಟಿಗೆ ಚಮಚದ ತುದಿಯಷ್ಟು ಹಾಕಿದರು.

ಆಗ ಮೊದಲ ಸಲ ಕೇತಕಿ ಹುಡುಗನ ಕಡೆ ತಿರುಗಿದಳು. ಅಪ್ಪ ಮಾತು ಉಳಿಸಿಕೊಂಡಿದ್ದರಿಂದ ಅವಳ ಸಿಟ್ಟು ಇಳಿದಿತ್ತು, ಎಮ್ಮೆಯ ಮಾತು ತಲೆಯಲ್ಲಿ ಉಳಿದಿತ್ತು.

"ಸೀಟಿ ಹೊಡದ್ರ ಎಮ್ಮಿ ಸರಿಯೂದಿಲ್ಲೇನು?"

"ಇಲ್ರಿ. ಆಕಳು ಓಡ್ತಾವ. ಎಮ್ಮಿಗೆ ಕಿವಿನ ಕೇಳಸೂದಿಲ್ಲ ಅನಸ್ತದ."

"ಭಾಳ ಛಲೋ ಕೇಳಸ್ತದ. ಸರಿಯಬೇಕು ಅಂತ ಅದಕ್ಕ ಅನಸೂದಿಲ್ಲ, ಅಷ್ಟ."

ಕೇದಾರ ಶಿರಾದ ಚಮಚ ಕೆಳಗಿಟ್ಟು ಬಾಯಿತುಂಬ ನಕ್ಕ. ಇಷ್ಟು ವರ್ಷ ತಾನು ಅವುಗಳಿಗೆ ಕಿವುಡೆಂದು ಕರುಣೆ ತೋರಿಸಿದ್ದು ವ್ಯರ್ಥವಾಯಿತು ಎಂದ. ಅಲ್ಲಿಂದ ಮಾತು ಎಮ್ಮೆಯಿಂದ ಎತ್ತಿಗೆ, ಎತ್ತಿನಿಂದ ರಾತ್ರಿಯ ಡ್ಯೂಟಿಗೆ ಹೋಯಿತು. ಪ್ರೇಮಾವತಿ ಎಲ್ಲರಿಗೂ ಕಣ್ಣಿನಲ್ಲೇ ಸುಮ್ಮನಿರಲು ಹೇಳಿದರು. ಹೊರಡುವಾಗ ಕೇದಾರ ಮತ್ತೊಮ್ಮೆ ನ್ಯಾಟನ್ನು ಬಗ್ಗಿ ನೋಡಿ, ತನ್ನ ಗೆಳೆಯರು ಕೊಟ್ಟ ಆಟದ ಎಂಜಿನ್ನೊಂದು ಮನೆಯಲ್ಲಿದೆ, ಅದರಲ್ಲಿ ಒಬ್ಬ ಡ್ರೈವರ್ ಗೊಂಬೆ ಇದ್ದಾನೆ, ಅಳತೆ ಸರಿಹೋದೀತು ಎಂದ.

"ಕೂತಾಂವೇನ್ರಿ?" ರಾಯರು ತಡೆಯಲಾರದೆ ಕೇಳಿದರು. ನೀರಜಾಬಾಯಿ ಕಣ್ಣು ಮುಚ್ಚಿಕೊಂಡರು.

ಕೂತವನೇ ಆಗಿದ್ದ. ರವಿವಾರ ಬೆಳಿಗ್ಗೆ ಕೇದಾರ ಅವನನ್ನು ಹತ್ತಿಯಲ್ಲಿ ಸುತ್ತಿ ಪ್ರದರ್ಶನದ ಹಾಲಿಗೇ ತಂದುಕೊಟ್ಟ. ನೀಲಿ ಅಂಗಿ, ತಲೆಗೆ ಟೋಪಿ, ಎಂಜಿನ್ನಿನ ಕಿಟಕಿಯಿಂದ ಹೊರಗೆ ಬಾಗಿದಂತೆ ಒಂದು ಮೊಣಕೈ, ಇನ್ನೊಂದು ಕೈಯಲ್ಲಿ ಹಸಿರು ಬಾವುಟ. ಬಣ್ಣ ಬದಲಿಸಲು ಹೊತ್ತಿರಲಿಲ್ಲ. ರಾಯರು ಉಸಿರು ಬಿಗಿಹಿಡಿದು ಅವನನ್ನು ಸೀಟಿನಲ್ಲಿಳಿಸಿದರು. ಅಳತೆ ಮಾಡಿಸಿದಂತೆ ಕೂತ. ರಾಯರು ಸಾರಿದಂತೆಯೇ ನ್ಯಾಟಿನ ಮುಚ್ಚಳ ತೆರೆದಿತ್ತು, ಒಳಗಿದ್ದವನು ಬಂದವರಿಗೆಲ್ಲ ಬಾವುಟ ತೋರಿಸುತ್ತಿದ್ದ. ಮೇಜಿನ ಸುತ್ತ ಎಲ್ಲಕ್ಕಿಂತ ದೊಡ್ಡ ಗುಂಪು ನೆರೆಯಿತು. ನಾಸಿಕದಿಂದ ಮರಳಿದ್ದ ಸ್ವಪ್ನಿಲ್ ನೋಡಿ ಗಂಟಲಿಗೆ ಚಹಾ ಸಿಕ್ಕಿಸಿಕೊಂಡ. ನೀರಜಾಬಾಯಿ, ಈ ಪ್ಲಾಸ್ಟಿಕನ್ನು ಮುಟ್ಟಬಾರದೆಂದು, ಬಂದ ಮಕ್ಕಳನ್ನೆಲ್ಲ ಗದರಿಸಿ ದೂರ ನಿಲ್ಲಿಸುತ್ತಿದ್ದರು. ಡ್ಯೂಟಿ ಸಂಜೆಗೆ ಇದ್ದುದರಿಂದ ಕೇದಾರ ಅಲ್ಲೇ ಉಳಿದಿದ್ದ. ಕ್ಲಿನಿಕ್ಕಿಗೆ ಹೋಗಬೇಕೆಂದಿದ್ದ ಕೇತಕಿಯೂ ಯಾಕೋ ಹೋಗಿರಲಿಲ್ಲ.

ತೀರ್ಪುಗಾರರು ವಯಸ್ಸಾದ ಮರಾಠಿ ಗೃಹಸ್ಥರು. ಭೂತಗನ್ನಡಿ ಹಿಡಿದು ರೆಕ್ಕೆ ನೋಡಿದರು, ಚಕ್ರ ನೋಡಿದರು, ಒಳಗೆ ಇಣುಕಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಬಳಿಕ, ಯುದ್ಧವಿಮಾನದಲ್ಲಿ ಹಸಿರು ಬಾವುಟ ಹಿಡಿದು ಕೂತಿರುವ ಈ ಸದ್ಗೃಹಸ್ಥ ಯಾರು ಎಂದು ಬಲು ಮರ್ಯಾದೆಯಿಂದ ಕೇಳಿದರು. ರಾಯರು ಬೆವೆತರು. ಪಕ್ಕದಿಂದ ನೀರಜಾಬಾಯಿ ಸ್ಪಷ್ಟವಾದ ಮರಾಠಿಯಲ್ಲಿ, "ಆಮಚೇ ಜಾವಯಿ," ಎಂದರು, ನಮ್ಮ ಅಳಿಯಂದಿರು. ಹೇಳಿ, ಗೊಂಬೆಯನ್ನು ಬಿಟ್ಟು ಕೇದಾರನ ಕಡೆಗೆ ಕೈ ತೋರಿಸಿದರು.

ರಾಯರು ಮಗಳ ಕಡೆ ತಿರುಗಲು ಧೈರ್ಯ ಸಾಲದೆ ಒಂದು ಕಣ್ಣಿನಿಂದ ನೋಡಿದರು. ಕೇತಕಿ ಅದನ್ನು ಕೇಳಿಸಿಕೊಂಡಿದ್ದಳು. ತಾಯಿಯ ಮುಖ ನೋಡಿದಳು, ಕಿವಿಯವರೆಗೆ ಕೆಂಪಾಗಿ ನಿಂತಿದ್ದ ಕೇದಾರನನ್ನು ನೋಡಿದಳು. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ತೀರ್ಪುಗಾರರು ಭೂತಗನ್ನಡಿಯಿಂದ ವಿಮಾನದೊಳಗಿನವನನ್ನು ಒಮ್ಮೆ ನೋಡಿದರು, ಬರಿಗಣ್ಣಿನಿಂದ ಹೊರಗಿನವನನ್ನು ಒಮ್ಮೆ ನೋಡಿದರು. ಹೋಲಿಕೆ ಇದೆ, ಆದರೆ ನಿಂತವರು ಅಳತೆಗಿಂತ ತುಸು ದೊಡ್ಡವರಾದರು ಎಂದು ಹೇಳಿ ಮುಂದಿನ ಮೇಜಿಗೆ ಹೋದರು.